ತೊನ್ನಿಗೆ ಯಾವ ಬೆಳಕು, ಸೋರಿಯಾಸಿಸ್‌ಗೆ ಯಾವ ಬೆಳಕು: ಸಂಶೋಧನಾ ಪ್ರಬಂಧಗಳನ್ನು ಓದಿ ಆರಿಸಿಕೊಳ್ಳುವ ಬಗೆ

ಲಂಡನ್ನಿನ ಸೇಂಟ್ ಜಾನ್ಸ್ ಚರ್ಮರೋಗ ಸಂಸ್ಥೆಯಲ್ಲಿ ಬೆಳಕು ಮತ್ತು ಚರ್ಮದ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದ ಜಾನ್ ಹಾಕ್ ಅವರ ತಂಡವು 2006 ಮತ್ತು 2007ರಲ್ಲಿ ಒಂದಾದ ಮೇಲೊಂದರಂತೆ ಎರಡು ಪ್ರಬಂಧಗಳನ್ನು ಪ್ರಕಟಿಸಿತು. ಎರಡರಲ್ಲೂ ಮೊದಲ ಹೆಸರು ಯೋನೆಸ್ ಅವರದು. ಎರಡರಲ್ಲೂ ಹೋಲಿಕೆಗೆ ತೆಗೆದುಕೊಂಡದ್ದು ಅದೇ ಎರಡು ಚಿಕಿತ್ಸೆಗಳನ್ನು: ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೋರಲೆನ್ ಗುಳಿಗೆ ನುಂಗಿ ಅತಿನೇರಳೆ-ಎ ಬೆಳಕಿಗೆ ಮೈಯೊಡ್ಡುವ ‘ಪೂವಾ’ ಮತ್ತು ಗುಳಿಗೆಯ ಹಂಗಿಲ್ಲದೆ ಅತಿನೇರಳೆ-ಬಿ ಬೆಳಕಿನ ಕಿರಿದಾದ ಪಟ್ಟಿಯನ್ನಷ್ಟೇ ಕೊಡುವ ‘ನ್ಯಾರೋಬ್ಯಾಂಡ್ ಯುವಿಬಿ’. ಮೊದಲ ಪ್ರಬಂಧದ ರೋಗಿಗಳಿಗೆ ಸೋರಿಯಾಸಿಸ್ (ದಪ್ಪ ಮಚ್ಚೆಗಳೆದ್ದು ಹೊಟ್ಟು ಉದುರುವ ಚರ್ಮರೋಗ) ಇತ್ತು, ಅಲ್ಲಿ ಪೂವಾ ಗೆದ್ದಿತು. ಎರಡನೆಯ ಪ್ರಬಂಧದ ರೋಗಿಗಳಿಗೆ ತೊನ್ನು ಇತ್ತು, ಅಲ್ಲಿ ನ್ಯಾರೋಬ್ಯಾಂಡ್ ಗೆದ್ದಿತು.

ನಾನು ವೈದ್ಯನಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆಯ ಕೋಣೆಯನ್ನು ನೋಡಿಕೊಳ್ಳುವುದು, ಯಂತ್ರಕ್ಕೆ ವೈದ್ಯರು ಬರೆದ ಪ್ರಮಾಣವನ್ನು ತುಂಬುವುದು, ರೋಗಿಯ ಪುಸ್ತಕದಲ್ಲಿ ಅದನ್ನು ಬರೆಯುವುದು ನನ್ನ ಕೆಲಸ. ಈಚಿನ ವರ್ಷಗಳಲ್ಲಿ ಜನರು ಮೊಬೈಲಿನಲ್ಲಿ ಪ್ರಬಂಧಗಳ ಸಾರಾಂಶವನ್ನು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ, ಅದು ಸಂತೋಷದ ವಿಷಯ. ಆದರೆ ಕೈ ಬೆರಳುಗಳ ಮೇಲೆ ತೊನ್ನಿದ್ದ ಒಬ್ಬ ಹುಡುಗ 2006ರ ಪ್ರಬಂಧವನ್ನು ತೋರಿಸಿ, ‘ಇದರಲ್ಲಿ ಶೇಕಡಾ 84 ಅಂತ ಇದೆಯಲ್ಲ ಸರ್, ನನಗೂ ಪೂವಾನೇ ಕೊಡಿಸಿ’ ಎಂದು ಕೇಳಿದ ದಿನ, ಅವನು ಓದಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲದಿದ್ದರೂ ಅವನ ಕೈಗೆ ಅದು ಒದಗದು ಎಂದು ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಹೇಳಿದ್ದನ್ನೂ, ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಯಾವ ಬೆಳಕು ಎಂಬ ತೀರ್ಮಾನ ಕೊನೆಗೂ ನಿಮ್ಮ ಚರ್ಮರೋಗ ತಜ್ಞರದು. ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ನಿಮಗೆ ತಿಳಿದಿರಲಿ ಎಂಬುದಷ್ಟೇ ನನ್ನ ಆಸೆ.

ಹೋಲಿಕೆಗೆ ಮೊದಲು ಬೆಳಕುಗಳ ಪರಿಚಯ

ನಮ್ಮ ಕೋಣೆಯ ಯಂತ್ರವನ್ನು ಮೊದಲ ಸಲ ನೋಡಿದ ಒಬ್ಬ ಅಜ್ಜಿ, ‘ನನ್ನ ಮೊಮ್ಮಗಳಿಗೆ ಕಾಮಾಲೆ ಆದಾಗ ಇದೇ ಲೈಟಿನ ಕೆಳಗೆ ಮಲಗಿಸಿದ್ದರು ಅಲ್ವೇನಪ್ಪ’ ಎಂದು ಕೇಳಿದ್ದರು. ಹಸುಗೂಸುಗಳ ಕಾಮಾಲೆಗೆ ಬಳಸುವುದು ಕಣ್ಣಿಗೆ ಕಾಣುವ ನೀಲಿ ಬೆಳಕು, ಅದರ ತರಂಗಾಂತರ ಸುಮಾರು 460 ನ್ಯಾನೋಮೀಟರ್. ಚರ್ಮರೋಗಕ್ಕೆ ಕೊಡುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ, ಕೊಳವೆ ದೀಪಗಳಲ್ಲಿ ನಮಗೆ ಕಾಣುವ ನಸುನೀಲಿ ಅದರ ನೆರಳಷ್ಟೇ. ಎರಡಕ್ಕೂ ‘ಫೋಟೋಥೆರಪಿ’ ಎಂಬ ಒಂದೇ ಹೆಸರಿರುವುದರಿಂದ ಗೊಂದಲವಾಗುವುದು ಸಹಜ.

ಬೆಳಕಿನಿಂದ ಚರ್ಮವನ್ನು ಗುಣಪಡಿಸುವ ವಿಜ್ಞಾನಕ್ಕೆ ಗೌರವ ತಂದುಕೊಟ್ಟವರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದದ್ದಕ್ಕಾಗಿ 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. 1948ರಲ್ಲಿ ಕೈರೋದ ಎಲ್ ಮೊಫ್ತಿ ಅವರು ನೈಲ್ ನದಿಯ ದಂಡೆಯ ಒಂದು ಗಿಡದಿಂದ ತೆಗೆದ ಸೋರಲೆನ್ನನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ಬಿಸಿಲಿಗೆ ಒಡ್ಡಿ ಫಲ ಕಂಡರು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಬಾವಂಚಿ ಬೀಜದಲ್ಲಿರುವುದೂ ಇದೇ ಕುಲದ ವಸ್ತು. 1974ರಲ್ಲಿ ಅಮೆರಿಕದ ಪ್ಯಾರಿಶ್ ಮತ್ತು ಸಂಗಡಿಗರು ಸೋರಲೆನ್ ಗುಳಿಗೆಯ ಜೊತೆಗೆ ಕೃತಕ ಅತಿನೇರಳೆ-ಎ ದೀಪವನ್ನು ಸೇರಿಸಿ ಸೋರಿಯಾಸಿಸ್‌ಗೆ ಕೊಟ್ಟಾಗ ಪೂವಾ ಹುಟ್ಟಿತು.

1981ರಲ್ಲಿ ಅದೇ ಪ್ಯಾರಿಶ್ ಅವರು ಯೇನಿಕೆ ಅವರೊಡನೆ ಮಾಡಿದ ಅಧ್ಯಯನ ಚಿಕ್ಕದು, ಆದರೆ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಅವರು ಸೋರಿಯಾಸಿಸ್ ಮಚ್ಚೆಗಳ ಮೇಲೆ ಬೇರೆ ಬೇರೆ ತರಂಗಾಂತರಗಳನ್ನು ಒಂದೊಂದಾಗಿ ಬಿಟ್ಟು ನೋಡಿದರು. 290 ನ್ಯಾನೋಮೀಟರಿಗಿಂತ ಕೆಳಗಿನ ಕಿರಣಗಳು ಚರ್ಮವನ್ನು ಸುಡುತ್ತವೆಯೇ ಹೊರತು ರೋಗವನ್ನು ಇಳಿಸುವುದಿಲ್ಲ. ಇಳಿಸುವ ಶಕ್ತಿ ಇರುವುದು 300ರಿಂದ 313ರ ಆಸುಪಾಸಿನ ಕಿರಣಗಳಿಗೆ. ಸುಡುವ ಭಾಗವನ್ನು ಬಿಟ್ಟು ಗುಣ ಕೊಡುವ ಭಾಗವನ್ನಷ್ಟೇ ಹೊರಸೂಸುವಂತೆ, 311 ನ್ಯಾನೋಮೀಟರಿನ ಸುತ್ತ ಕೇಂದ್ರೀಕರಿಸಿದ ದೀಪವೇ ಮುಂದೆ ಬಂದ ನ್ಯಾರೋಬ್ಯಾಂಡ್. ಇಂದು ಹೆಚ್ಚಿನ ಆಸ್ಪತ್ರೆಗಳಲ್ಲಿ ‘ಲೈಟ್ ಕೊಡಿಸುವುದು’ ಎಂದರೆ ಬಹುಪಾಲು ಇದೇ.

ಸೋರಿಯಾಸಿಸ್: ಪೂವಾ ಗೆದ್ದದ್ದು ಯಾರ ಚರ್ಮದ ಮೇಲೆ?

2006ರ ಪ್ರಬಂಧಕ್ಕೆ ಮರಳೋಣ. ಒಟ್ಟು 93 ರೋಗಿಗಳು, ವಾರಕ್ಕೆ ಎರಡು ಸಲ ಚಿಕಿತ್ಸೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು, ಮತ್ತು ನ್ಯಾರೋಬ್ಯಾಂಡ್ ಗುಂಪಿನವರಿಗೂ ಔಷಧವಿಲ್ಲದ ಹುಸಿ ಗುಳಿಗೆಯನ್ನು ಕೊಟ್ಟು ಯಾರಿಗೂ ತಮ್ಮ ಗುಂಪು ತಿಳಿಯದಂತೆ ನೋಡಿಕೊಳ್ಳಲಾಗಿತ್ತು. ಪೂವಾ ಪಡೆದವರಲ್ಲಿ ಶೇಕಡಾ 84 ಮಂದಿಯ ಚರ್ಮ ತಿಳಿಯಾಯಿತು, ನ್ಯಾರೋಬ್ಯಾಂಡ್ ಪಡೆದವರಲ್ಲಿ ಶೇಕಡಾ 65. ಮಧ್ಯಾಂಕದ ಲೆಕ್ಕದಲ್ಲಿ ಪೂವಾಕ್ಕೆ 17 ಸರದಿ ಸಾಕಾಯಿತು, ನ್ಯಾರೋಬ್ಯಾಂಡಿಗೆ 28.5 ಬೇಕಾಯಿತು. ಆರು ತಿಂಗಳ ನಂತರವೂ ರೋಗ ಮರಳದೆ ಉಳಿದವರು ಪೂವಾದಲ್ಲಿ ಶೇಕಡಾ 68, ನ್ಯಾರೋಬ್ಯಾಂಡಿನಲ್ಲಿ ಶೇಕಡಾ 35. ಇಷ್ಟು ಓದಿದವರಿಗೆ ಪೂವಾ ಬಿಟ್ಟು ಬೇರೆಯದನ್ನು ಏಕೆ ಆರಿಸಬೇಕೆಂದು ಅನ್ನಿಸುವುದು ನ್ಯಾಯವೇ.

ಆದರೆ ಶೇಕಡಾ 84 ಮತ್ತು 65ರ ಲೆಕ್ಕ ಬಂದಿರುವುದು ಚರ್ಮದ ವಿಧ ಒಂದರಿಂದ ನಾಲ್ಕರವರೆಗಿನ ರೋಗಿಗಳಲ್ಲಿ. ಚರ್ಮದ ವಿಧ ಎಂಬುದು ಫಿಟ್ಜ್‌ಪ್ಯಾಟ್ರಿಕ್ ಅವರು 1975ರಲ್ಲಿ ರೂಪಿಸಿದ ಅಳತೆ. ಬಿಸಿಲಿಗೆ ಹೋದರೆ ಸುಡುವುದೇ ಹೊರತು ಕಪ್ಪಾಗದ ಚರ್ಮ ಒಂದನೆಯದು. ಆರಂಭದಲ್ಲಿ ಬಿಳಿಯರಿಗಾಗಿಯೇ ಮಾಡಿದ್ದ ಈ ಅಳತೆಗೆ ಕಂದು ಮತ್ತು ಕಪ್ಪು ಚರ್ಮದ ಐದು, ಆರನೆಯ ವಿಧಗಳನ್ನು ಆಮೇಲೆ ಸೇರಿಸಲಾಯಿತು. ನಮ್ಮ ಕೋಣೆಗೆ ಬರುವವರಲ್ಲಿ ನಾಲ್ಕು ಮತ್ತು ಐದೇ ಹೆಚ್ಚು. ಅದೇ ಪ್ರಬಂಧದಲ್ಲಿ, ಐದು ಮತ್ತು ಆರನೆಯ ವಿಧದ ರೋಗಿಗಳಲ್ಲಿ ಚರ್ಮ ತಿಳಿಯಾದದ್ದು ಶೇಕಡಾ 24 ಮಂದಿಗೆ ಮಾತ್ರ ಎಂಬ ಮಾತೂ ಇದೆ. ಉಳಿದವರಲ್ಲಿ ಎರಡೂ ಚಿಕಿತ್ಸೆಗಳನ್ನು ಒಟ್ಟುಗೂಡಿಸಿದ ಲೆಕ್ಕ ಶೇಕಡಾ 75. ಇದನ್ನು ಓದಿ ನಿರಾಶರಾಗಬೇಕಿಲ್ಲ, ಏಕೆಂದರೆ ಅಲ್ಲಿ ಅಂಥ ರೋಗಿಗಳ ಸಂಖ್ಯೆ ಚಿಕ್ಕದು, ಚಿಕಿತ್ಸೆ ವಾರಕ್ಕೆ ಎರಡೇ ಸಲ ಇತ್ತು. ಆದರೂ ಗೋಧಿ ಬಣ್ಣದ ಅಥವಾ ಕಪ್ಪು ಮೈಯವರು ಒಂದು ಪ್ರಬಂಧದ ಮೊದಲ ಅಂಕಿಯನ್ನು ತಮ್ಮದೆಂದು ತಿಳಿಯುವ ಮೊದಲು ಅದು ಯಾರ ಚರ್ಮದ ಅಂಕಿ ಎಂದು ಕೇಳಲೇಬೇಕು.

ಇನ್ನು ಗುಳಿಗೆಯ ಮಾತು. ಸೋರಲೆನ್ ನುಂಗಿ ಸುಮಾರು ಎರಡು ಗಂಟೆಯ ನಂತರ ಯಂತ್ರದೊಳಗೆ ನಿಲ್ಲಬೇಕು. ಹಲವರಿಗೆ ಹೊಟ್ಟೆ ತೊಳಸುತ್ತದೆ, ಸ್ವಲ್ಪ ತಿಂದು ನುಂಗಿದರೆ ಅದು ಕಡಿಮೆ. ಔಷಧ ಮೈಯಲ್ಲಿ ಇರುವಷ್ಟು ಹೊತ್ತು ಬಿಸಿಲೇ ಬೆಂಕಿಯಾಗುತ್ತದೆ. ಆ ದಿನವೆಲ್ಲ ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಂಡಿರಬೇಕು, ಇಲ್ಲವಾದರೆ ಕಣ್ಣಿನಲ್ಲಿ ಪೊರೆ ಬೆಳೆಯುವ ಅಪಾಯವಿದೆ. ಲಂಡನ್ನಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವವನಿಗೂ, ಏಪ್ರಿಲಿನ ಮಧ್ಯಾಹ್ನ ಚಿಕಿತ್ಸೆ ಮುಗಿಸಿ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹಿರಿಯೂರಿನ ಬಸ್ಸಿಗೆ ಕಾಯುವವನಿಗೂ ಈ ಮಾತಿನ ತೂಕ ಒಂದೇ ಅಲ್ಲ. ಗರ್ಭಿಣಿಯರಿಗೆ ಮತ್ತು ಹನ್ನೆರಡರ ಒಳಗಿನ ಮಕ್ಕಳಿಗೆ ಈ ಗುಳಿಗೆ ಸಲ್ಲದು. ಪಿತ್ತಜನಕಾಂಗದ ತೊಂದರೆ ಇರುವವರೂ ಮೊದಲೇ ಹೇಳಬೇಕು. ನ್ಯಾರೋಬ್ಯಾಂಡನ್ನು ಬಸುರಿಯರಿಗೂ ಮಕ್ಕಳಿಗೂ ಕೊಡಬಹುದು, ಬಸುರಿಯರಿಗೆ ಫೋಲಿಕ್ ಆಮ್ಲದ ಕಡೆಗೆ ಗಮನ ಕೊಡುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಾಜೈಡ್ ಬೆರೆತ ಗುಳಿಗೆಯನ್ನೋ ಮೊಡವೆಗೋ ಸೋಂಕಿಗೋ ಡಾಕ್ಸಿಸೈಕ್ಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ತಿಳಿಸಬೇಕು, ಅವು ಚರ್ಮವನ್ನು ಬೆಳಕಿಗೆ ಇನ್ನಷ್ಟು ಸೂಕ್ಷ್ಮವಾಗಿಸುತ್ತವೆ. ‘ಬಿಪಿ ಗುಳಿಗೆಗೂ ಚರ್ಮಕ್ಕೂ ಏನು ಸಂಬಂಧ’ ಎಂದು ಹೇಳದೆ ಬಿಡುವವರೇ ಹೆಚ್ಚು.

ಸುಟ್ಟ ಕೆಂಪಿನ ವಿಷಯದಲ್ಲೂ ಇವೆರಡು ಬೇರೆ. ನ್ಯಾರೋಬ್ಯಾಂಡಿನ ಕೆಂಪು ಒಂದು ದಿನದೊಳಗೆ ಏರಿ ಇಳಿಯತೊಡಗುತ್ತದೆ. ಪೂವಾದ ಕೆಂಪು ನಿಧಾನಗಾರ, ಎರಡು ಮೂರು ದಿನಗಳ ನಂತರ ತುದಿ ಮುಟ್ಟುತ್ತದೆ. ಅದಕ್ಕೇ ಪೂವಾ ಸರದಿಗಳ ನಡುವೆ ಹೆಚ್ಚು ಅಂತರ ಬೇಕು: ಮೊದಲ ಸಲದ ಸುಡುವಿಕೆ ಕಾಣುವ ಮುನ್ನವೇ ಎರಡನೆಯ ಸಲ ಕೊಟ್ಟರೆ ಬೊಬ್ಬೆ ಖಂಡಿತ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆಯ ಸೋರಿಯಾಸಿಸ್ ರೋಗಿ ಸಾಮಾನ್ಯವಾಗಿ ನ್ಯಾರೋಬ್ಯಾಂಡಿನಿಂದ ಆರಂಭಿಸಿ, ಸಾಕಷ್ಟು ಸರದಿಗಳ ನಂತರವೂ ಇಳಿಯದ ದಪ್ಪ ಮಚ್ಚೆಗಳಿದ್ದರೆ ಪೂವಾದ ಮಾತು ಎತ್ತುವುದು ಒಳ್ಳೆಯದು. ವೈದ್ಯರಲ್ಲಿ ಹೆಚ್ಚಿನವರು ಅನುಸರಿಸುವ ಕ್ರಮವೂ ಅದೇ. ಕೀಲು ನೋವು ಇದ್ದರೆ ಬೆಳಕು ಸಾಕಾಗದು. ಅದು ಚರ್ಮವನ್ನಷ್ಟೇ ಮುಟ್ಟುತ್ತದೆ, ಕೀಲಿಗೆ ಮೆಥೋಟ್ರೆಕ್ಸೇಟಿನಂಥ ಔಷಧದ ದಾರಿ ಬೇಕು.

ತೊನ್ನು: ನ್ಯಾರೋಬ್ಯಾಂಡಿನ ಕಡೆಗೆ ತಕ್ಕಡಿ

ತೊನ್ನಿನಲ್ಲಿ ನಿರ್ಣಯ ಇಷ್ಟು ಜಟಿಲವಲ್ಲ. 1997ರಲ್ಲಿ ನೆದರ್ಲೆಂಡ್ಸಿನ ವೆಸ್ಟರ್‌ಹಾಫ್ ಅವರು ಸೋರಲೆನ್ ಹಚ್ಚಿ ಬೆಳಕು ಕೊಟ್ಟವರನ್ನು ನ್ಯಾರೋಬ್ಯಾಂಡಿನವರೊಡನೆ ಹೋಲಿಸಿದಾಗ, ನಾಲ್ಕು ತಿಂಗಳಲ್ಲಿ ಬಣ್ಣ ಮರಳಿದ್ದು ನ್ಯಾರೋಬ್ಯಾಂಡಿನಲ್ಲಿ ಶೇಕಡಾ 67 ಮಂದಿಗೆ, ಇನ್ನೊಂದರಲ್ಲಿ ಶೇಕಡಾ 46 ಮಂದಿಗೆ. ಹತ್ತು ವರ್ಷಗಳ ನಂತರ ಹಾಕ್ ಅವರ ತಂಡದ ಪ್ರಬಂಧದಲ್ಲಿ, ಅರ್ಧಕ್ಕಿಂತ ಹೆಚ್ಚು ಸುಧಾರಣೆ ಕಂಡವರು ನ್ಯಾರೋಬ್ಯಾಂಡಿನಲ್ಲಿ 25ರಲ್ಲಿ 16, ಪೂವಾದಲ್ಲಿ 25ರಲ್ಲಿ 9.

ನನ್ನ ಮಟ್ಟಿಗೆ ಆ ಪ್ರಬಂಧದ ಅತಿ ಮುಖ್ಯ ಸಾಲು ಈ ಅಂಕಿಗಳದ್ದಲ್ಲ. ಮರಳಿ ಬಂದ ಬಣ್ಣ ಸುತ್ತಲಿನ ಚರ್ಮಕ್ಕೆ ಹೊಂದಿತೇ ಎಂದು ಅವರು ನೋಡಿದರು. ನ್ಯಾರೋಬ್ಯಾಂಡ್ ಪಡೆದವರೆಲ್ಲರಲ್ಲೂ ಅದು ಚೆನ್ನಾಗಿ ಹೊಂದಿತ್ತು, ಪೂವಾದಲ್ಲಿ ಶೇಕಡಾ 44 ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಬಂದ ಬಣ್ಣ ಸುತ್ತಲಿಗಿಂತ ಗಾಢವಾಗಿತ್ತು. ನಮ್ಮೂರಲ್ಲಿ ತೊನ್ನು ಒಂದು ಮದುವೆಯ ಮಾತುಕತೆಯನ್ನೇ ಮುರಿಯಬಲ್ಲದು, ಅದು ಅಂಟುವ ರೋಗವಲ್ಲ, ಕುಷ್ಠವೂ ಅಲ್ಲ ಎಂದು ಎಷ್ಟು ಹೇಳಿದರೂ ಸಾಲದು. ಅಂಥಲ್ಲಿ ಬಿಳಿ ಮಚ್ಚೆ ಹೋಗಿ ಕಪ್ಪು ಮಚ್ಚೆ ಬಂದರೆ ಹುಡುಗಿಯೊಬ್ಬಳಿಗೆ ಸಮಾಧಾನ ಎಲ್ಲಿಂದ ಬಂದೀತು?

ಬಣ್ಣ ಮರಳುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ರಹಸ್ಯ ತಿಳಿಯುತ್ತದೆ. ಮಚ್ಚೆ ಅಂಚಿನಿಂದ ಒಳಕ್ಕೆ ಕುಗ್ಗುವುದೂ ಉಂಟು, ಆದರೆ ಹೆಚ್ಚಾಗಿ ಆಗುವುದು ಬೇರೆ: ಬಿಳಿ ಚರ್ಮದ ನಡುವೆ, ಪ್ರತಿ ಕೂದಲಿನ ಬುಡದ ಸುತ್ತ, ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಮೂಡುತ್ತದೆ. ವಾರಗಳು ಕಳೆದಂತೆ ಅವು ರಾಗಿ ಚೆಲ್ಲಿದ ಹಾಗೆ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಣ್ಣ ತಯಾರಿಸುವ ಕೋಶಗಳ ದಾಸ್ತಾನು ಕೂದಲಿನ ಬುಡದಲ್ಲಿ ಉಳಿದಿರುತ್ತದೆ, ಬೆಳಕು ಅವನ್ನು ಎಬ್ಬಿಸಿ ಮೇಲಕ್ಕೆ ಕರೆಯುತ್ತದೆ. ಆದ್ದರಿಂದ ಮುಖ, ಕುತ್ತಿಗೆಯ ಮಚ್ಚೆಗಳಿಗೆ ಫಲ ಬೇಗ. ಬೆರಳ ತುದಿ, ತುಟಿ, ಅಂಗೈ, ಪಾದದ ಅಂಚುಗಳಲ್ಲಿ ಕೂದಲೇ ಇಲ್ಲ ಅಥವಾ ವಿರಳ, ಅಲ್ಲಿ ಯಾವ ಬೆಳಕೂ ತಡವರಿಸುತ್ತದೆ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ದಾಸ್ತಾನು ಬರಿದಾಗಿದೆ ಎಂದರ್ಥ. 84 ಎಂದು ಕೇಳಿ ಬಂದ ಆ ಹುಡುಗನ ಬೆರಳುಗಳನ್ನು ನೋಡಿ ನಾನು ಮಾತಿಗೆ ತಡಕಾಡಿದ್ದು ಇದಕ್ಕೇ. ದೇಹದ ಒಂದೇ ಪಕ್ಕದ ಪಟ್ಟಿಯಲ್ಲಿ ನಿಂತು, ವರ್ಷಗಳಿಂದ ಬೆಳೆಯದ ತೊನ್ನಿಗೆ ಚರ್ಮದ ಕಸಿಯ ದಾರಿಯಿದೆ, ಅದರ ಬಗ್ಗೆ ಕೇಳುವುದು ಲೇಸು.

ತಾಳ್ಮೆಯ ಲೆಕ್ಕವೂ ಇಲ್ಲಿ ಬೇರೆ. ಸೋರಿಯಾಸಿಸ್‌ನಲ್ಲಿ ಇಪ್ಪತ್ತು, ಮೂವತ್ತು ಸರದಿಯಲ್ಲಿ ಉತ್ತರ ಸಿಗುತ್ತದೆ. ತೊನ್ನಿನ ತಜ್ಞರ ಅಂತರರಾಷ್ಟ್ರೀಯ ಗುಂಪು 2017ರಲ್ಲಿ ಪ್ರಕಟಿಸಿದ ಸಲಹೆಗಳ ಪ್ರಕಾರ, ನಿಧಾನವಾಗಿ ಸ್ಪಂದಿಸುವವರಿಗೆ 72 ಸರದಿಯವರೆಗೂ ಕೊಟ್ಟು ನೋಡಬೇಕು. ವಾರಕ್ಕೆ ಮೂರರಂತೆ ಅದು ಸುಮಾರು ಆರು ತಿಂಗಳು. ಹತ್ತು ಸರದಿಗೆ ಬಿಟ್ಟು ಹೋಗಿ ‘ಲೈಟಿನಿಂದ ಏನೂ ಆಗಲಿಲ್ಲ’ ಎನ್ನುವವರು ನಿಜವಾಗಿ ಲೈಟನ್ನು ಪರೀಕ್ಷಿಸಿಯೇ ಇಲ್ಲ.

ಬಿಸಿಲು ನಮ್ಮಲ್ಲೇ ಧಾರಾಳವಾಗಿದೆಯಲ್ಲ?

ಈ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ, ಮತ್ತು ಅದು ದಡ್ಡ ಪ್ರಶ್ನೆಯಲ್ಲ. ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡೂ ಜಿಲ್ಲಾ ಕೇಂದ್ರಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಸೋರಲೆನ್ ಜೊತೆಗೆ ಬಿಸಿಲನ್ನು ಬಳಸುವ ‘ಪೂವಾಸೋಲ್’ ಎಂಬ ಚಿಕಿತ್ಸೆ ಭಾರತದಲ್ಲಿ ದಶಕಗಳಿಂದ ರೂಢಿಯಲ್ಲಿದೆ, ಯಂತ್ರದ ಖರ್ಚಿಲ್ಲ, ಮನೆಯ ಮಾಳಿಗೆಯೇ ಸಾಕು. ಮೊಳಕಾಲ್ಮೂರಿನ ನೇಕಾರರೊಬ್ಬರಿಗೆ ವಾರಕ್ಕೆ ಮೂರು ದಿನ ಮಗ್ಗ ನಿಲ್ಲಿಸಿ ಬರುವುದು ಆಗದ ಮಾತಾದಾಗ ವೈದ್ಯರು ಇದನ್ನೇ ಬರೆದುಕೊಟ್ಟದ್ದನ್ನು ಕಂಡಿದ್ದೇನೆ. ಶಿಸ್ತಿನ ಮನುಷ್ಯ, ಐದು ನಿಮಿಷದಿಂದ ಆರಂಭಿಸಿ ವೈದ್ಯರು ಹೇಳಿದಷ್ಟೇ ಏರಿಸುತ್ತಾ ಹೋದರು, ಅವರಿಗೆ ಫಲವೂ ಸಿಕ್ಕಿತು.

ಆದರೆ ಬಿಸಿಲಿಗೆ ಮೀಟರಿಲ್ಲ. ಯಂತ್ರದಲ್ಲಿ 200 ಮಿಲಿಜೂಲ್ (ಬೆಳಕಿನ ಪ್ರಮಾಣದ ಅಳತೆ) ಎಂದು ಒತ್ತಿದರೆ ಅಷ್ಟೇ ಬರುತ್ತದೆ. ಬಿಸಿಲಿನಲ್ಲಿ ಹತ್ತು ನಿಮಿಷ ಎಂದರೆ ಜನವರಿಯ ಬೆಳಗಿನಲ್ಲಿ ಒಂದು, ಮೇ ತಿಂಗಳ ಹಗಲು ಹನ್ನೊಂದು ಗಂಟೆಗೆ ಇನ್ನೊಂದು, ಜುಲೈಯ ಮೋಡದಲ್ಲಿ ಮತ್ತೊಂದು. ಬಿಸಿಲು ಮಚ್ಚೆಯ ಸುತ್ತಲಿನ ಚರ್ಮವನ್ನೂ ಕಪ್ಪಾಗಿಸುವುದರಿಂದ ಬಿಳಿ ಇನ್ನಷ್ಟು ಎದ್ದು ಕಾಣತೊಡಗುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ, ಸುಟ್ಟ ಜಾಗದಲ್ಲಿ ಹೊಸ ತೊನ್ನು ಹುಟ್ಟುವುದು. ಗಾಯ, ಉಜ್ಜುವಿಕೆ, ಸುಡುವಿಕೆ ಆದಲ್ಲೆಲ್ಲ ಈ ರೋಗ ಹೆಜ್ಜೆಯಿಡುತ್ತದೆ. ಲಂಗದ ಲಾಡಿ ಬಿಗಿದು ಕಟ್ಟುವ ಜಾಗದಲ್ಲಿ ಸೊಂಟದ ಸುತ್ತ ಗೆರೆ ಎಳೆದ ಹಾಗೆ ಬಿಳಿ ಮಚ್ಚೆ ಎದ್ದ ಹೆಂಗಸರನ್ನು ನಮ್ಮ ಕೋಣೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಸೋರಿಯಾಸಿಸ್‌ಗೂ ಈ ಸ್ವಭಾವವಿದೆ.

ಬಾವಂಚಿ ಬೀಜವನ್ನು ಅರೆದು ಹಚ್ಚಿಕೊಂಡು ಬಿಸಿಲಿಗೆ ನಿಲ್ಲುವುದನ್ನು ದಯವಿಟ್ಟು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಬೀಜದಲ್ಲಿ ಶಕ್ತಿಯಿಲ್ಲವೆಂದಲ್ಲ, ಶಕ್ತಿ ಇದೆ ಎಂಬುದೇ ಕಷ್ಟ. ಒಂದು ಹಿಡಿ ಬೀಜದಲ್ಲಿ ಎಷ್ಟು ಸೋರಲೆನ್ ಇದೆ ಎಂದು ಯಾರಿಗೂ ತಿಳಿಯದು. ತಂಗಿಯ ಮೊಣಕಾಲಿಗೆ ಅರೆದು ಹಚ್ಚಿ ಮಾಳಿಗೆಯ ಮೇಲೆ ಕೂರಿಸಿದ್ದ ಅಣ್ಣನೊಬ್ಬ ಮರುದಿನ ಅವಳನ್ನು ಎತ್ತಿಕೊಂಡು ಬಂದಾಗ, ನಿಂಬೆ ಗಾತ್ರದ ನೀರುಗುಳ್ಳೆಗಳು ಎದ್ದಿದ್ದವು. ಒಳ್ಳೆಯದಾಗಲಿ ಎಂದೇ ಮಾಡಿದ್ದ ಅವನ ಮುಖವನ್ನು ನೋಡಲಾಗುತ್ತಿರಲಿಲ್ಲ.

ಚಿಕ್ಕ ಮಚ್ಚೆಗೆ ಎಕ್ಸೈಮರ್, ಮನೆಗೆ ಕೈಯಂತ್ರ

ನಾಲ್ಕೈದು ಮಚ್ಚೆಗಳಷ್ಟೇ ಇದ್ದರೆ ಮೈಯೆಲ್ಲಕ್ಕೂ ಬೆಳಕು ಕೊಡುವುದು ವ್ಯರ್ಥ. 308 ನ್ಯಾನೋಮೀಟರಿನ ಎಕ್ಸೈಮರ್ ಕಿರಣವನ್ನು ಮಚ್ಚೆಯ ಮೇಲಷ್ಟೇ ಬಿಡಬಹುದು, ಸುತ್ತಲಿನ ಚರ್ಮ ಕಪ್ಪಾಗುವುದಿಲ್ಲ. ದೊಡ್ಡ ಊರುಗಳಲ್ಲಿ ಇದು ಸುಲಭ, ಮಿಕ್ಕೆಡೆ ವಿಚಾರಿಸಿಕೊಳ್ಳಬೇಕು.

ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರದ ಬಗ್ಗೆ ಸಂಶಯಪಡುತ್ತಿದ್ದವರಲ್ಲಿ ನಾನೂ ಒಬ್ಬ. 2024ರಲ್ಲಿ ಅಮೆರಿಕದ ಗೆಲ್ಫಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ‘ಲೈಟ್’ ಅಧ್ಯಯನ ನನ್ನ ಮನಸ್ಸನ್ನು ಬದಲಿಸಿತು. 42 ಕೇಂದ್ರಗಳ 783 ಸೋರಿಯಾಸಿಸ್ ರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಆಸ್ಪತ್ರೆಯಲ್ಲಿ ನ್ಯಾರೋಬ್ಯಾಂಡ್ ಕೊಟ್ಟು ಹನ್ನೆರಡು ವಾರ ನೋಡಿದರು. ಚರ್ಮ ತಿಳಿಯಾದವರು ಅಥವಾ ಬಹುತೇಕ ತಿಳಿಯಾದವರು ಮನೆಯಲ್ಲಿ ಶೇಕಡಾ 32.8, ಆಸ್ಪತ್ರೆಯಲ್ಲಿ 25.6. ಕಾರಣವೂ ಪ್ರಬಂಧದಲ್ಲೇ ಇದೆ: ಹೇಳಿದಷ್ಟು ಸಲ ಬೆಳಕು ತೆಗೆದುಕೊಂಡವರು ಮನೆಯಲ್ಲಿ ಶೇಕಡಾ 51.4, ಆಸ್ಪತ್ರೆಗೆ ಬರಬೇಕಾದವರಲ್ಲಿ 15.9. ದೀಪ ಒಂದೇ ಬಗೆಯದು, ಬದಲಾದದ್ದು ದಾರಿಯ ದೂರ.

ತೊನ್ನಿಗೆ ಸಂಬಂಧಿಸಿದಂತೆ ಬ್ರಿಟನ್ನಿನಲ್ಲಿ 517 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಹೈ-ಲೈಟ್’ ಅಧ್ಯಯನವು ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರವನ್ನು ಪರೀಕ್ಷಿಸಿತು. ಸ್ಟೆರಾಯ್ಡ್ ಮುಲಾಮು ಮಾತ್ರ ಹಚ್ಚಿದವರಲ್ಲಿ ಶೇಕಡಾ 17, ಬೆಳಕು ಮಾತ್ರ ಪಡೆದವರಲ್ಲಿ 22, ಎರಡನ್ನೂ ಪಡೆದವರಲ್ಲಿ 27 ಮಂದಿ ತಮ್ಮ ಮಚ್ಚೆ ಈಗ ಮೊದಲಿಗಿಂತ ಬಹಳ ಕಡಿಮೆ ಎದ್ದು ಕಾಣುತ್ತದೆ ಅಥವಾ ಕಾಣುವುದೇ ಇಲ್ಲ ಎಂದರು. ಅಂಕಿಗಳು ಚಿಕ್ಕವೆಂದು ಇದನ್ನು 1997ರ ಶೇಕಡಾ 67ರ ಪಕ್ಕದಲ್ಲಿಟ್ಟು ತೂಗಬಾರದು. ಅಲ್ಲಿ ಎಣಿಸಿದ್ದು ಬಣ್ಣ ಮರಳಿದವರನ್ನು, ಇಲ್ಲಿ ಕೇಳಿದ್ದು ಮಚ್ಚೆಯನ್ನು ಹೊತ್ತವರನ್ನೇ, ಅವರ ಕಣ್ಣು ಅಳತೆಗೋಲಿಗಿಂತ ಕಟುವಾದದ್ದು. ಹೀಗೆಯೇ ಸೋರಿಯಾಸಿಸ್ ಪ್ರಬಂಧಗಳಲ್ಲಿ ‘ಪಾಸಿ 75’ ಎಂದು ಬರುತ್ತದೆ. ಅದು ಶೇಕಡಾ 75 ರೋಗಿಗಳಿಗೆ ಗುಣವಾಯಿತು ಎಂಬ ಮಾತಲ್ಲ, ಒಬ್ಬ ರೋಗಿಯ ರೋಗದ ಅಂಕ ಮುಕ್ಕಾಲು ಪಾಲು ಇಳಿಯಿತು ಎಂಬ ಗುರುತು. ಎಷ್ಟು ಮಂದಿ ಅಲ್ಲಿಗೆ ಮುಟ್ಟಿದರು ಎಂಬುದು ಬೇರೆಯೇ ಅಂಕಿ.

ಮನೆಯ ಯಂತ್ರವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವುದು, ಪ್ರಮಾಣವನ್ನು ತಾವೇ ಏರಿಸುವುದು ಸಲ್ಲದು. ಆ ಅಧ್ಯಯನಗಳಲ್ಲಿ ಎಲ್ಲರಿಗೂ ಕಲಿಸಿಕೊಟ್ಟು, ಪ್ರಮಾಣವನ್ನು ನಿಗದಿಪಡಿಸಿ ಕೊಡಲಾಗಿತ್ತು.

ಕ್ಯಾನ್ಸರಿನ ಭಯ

ತಾಯಂದಿರು ತಪ್ಪದೆ ಕೇಳುವ ಪ್ರಶ್ನೆ ಇದು. ಅಮೆರಿಕದ ಸ್ಟರ್ನ್ ಅವರು 1970ರ ದಶಕದಲ್ಲಿ ಪೂವಾ ಪಡೆದ 1380 ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ, ಸರದಿಗಳ ಸಂಖ್ಯೆ ಹೆಚ್ಚಿದಂತೆ ಚರ್ಮದ ಕ್ಯಾನ್ಸರ್ ಹೆಚ್ಚುವುದನ್ನು ತೋರಿಸಿದರು. ಜೀವಮಾನದಲ್ಲಿ ಪೂವಾ ಸರದಿಗಳು 150ರಿಂದ 200ರ ಒಳಗಿರಲಿ ಎಂಬ ಮಿತಿಯ ಹಿಂದಿರುವುದು ಇಂಥ ದೀರ್ಘ ದುಡಿಮೆ. ನ್ಯಾರೋಬ್ಯಾಂಡಿನ ಬಗ್ಗೆ, ಸ್ಕಾಟ್ಲೆಂಡಿನ 3867 ರೋಗಿಗಳ ಮೇಲಿನ 2008ರ ಅಧ್ಯಯನದಲ್ಲಿ ಅಂಥ ಏರಿಕೆ ಕಂಡುಬರಲಿಲ್ಲ. ಇವೆರಡೂ ಬಹುಪಾಲು ಬಿಳಿ ಚರ್ಮದವರ ಲೆಕ್ಕಗಳು. ಕಂದು ಚರ್ಮಕ್ಕೆ ಅಪಾಯ ಅದಕ್ಕಿಂತ ಕಡಿಮೆ. ಮುಖ್ಯವಾಗಿ ಮರೆಯಬಾರದ್ದು ಎರಡು: ಯಂತ್ರದೊಳಗೆ ಕಣ್ಣಿಗೆ ಕನ್ನಡಕ, ಗಂಡಸರು ಗುಪ್ತಾಂಗವನ್ನು ಮುಚ್ಚಿಕೊಳ್ಳುವುದು. ಬೇಸಿಗೆಯಲ್ಲಿ ಕನ್ನಡಕದೊಳಗೆ ಬೆವರಿಳಿದು ತೆಗೆದುಬಿಡಬೇಕೆನಿಸುತ್ತದೆ, ಆದರೂ ತೆಗೆಯಬಾರದು.

ಆರಿಸುವ ಮುನ್ನ ನಿಮ್ಮ ವಾರವನ್ನು ಲೆಕ್ಕ ಹಾಕಿ

ಪ್ರಬಂಧಗಳನ್ನೆಲ್ಲ ಓದಿ ಮುಗಿಸಿದ ಮೇಲೆ ನಾನು ರೋಗಿಗೆ ಕೇಳುವುದು ಒಂದೇ: ವಾರಕ್ಕೆ ಎರಡು ಮೂರು ದಿನ, ನಾಲ್ಕರಿಂದ ಆರು ತಿಂಗಳು, ಬರಲು ಆಗುತ್ತದೆಯೇ? ಯಂತ್ರದೊಳಗೆ ನಿಲ್ಲುವುದು ಕೆಲವೇ ನಿಮಿಷ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಮೂವತ್ತು ಕಿಲೋಮೀಟರಾದರೂ ಹೋಗಿಬರುವಷ್ಟರಲ್ಲಿ ಅರ್ಧ ದಿನ, ಕೂಲಿಯವರಿಗೆ ಇಡೀ ದಿನ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮೇಲೆ ನಮ್ಮ ಕೋಣೆಯಲ್ಲಿ ಸರದಿ ತಪ್ಪಿಸುವ ಹೆಂಗಸರು ಕಡಿಮೆಯಾದಂತೆ ನನಗೆ ಕಾಣುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಗಂಡಸರು ಈಗಲೂ ತಿಂಗಳಲ್ಲಿ ಅರ್ಧ ಸರದಿ ಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಒಂದು ವಾರದೊಳಗೆ ಮರಳಿದರೆ ಹಳೆಯ ಪ್ರಮಾಣವನ್ನೇ ಏರಿಸದೆ ಕೊಡುತ್ತಾರೆ. ಎರಡನೆಯ ವಾರವಾದರೆ ಕಾಲು ಭಾಗ ಇಳಿಸುತ್ತಾರೆ, ಮೂರನೆಯ ವಾರವಾದರೆ ಅರ್ಧ, ಮೂರು ವಾರ ದಾಟಿದರೆ ಮೊದಲಿನಿಂದ. ಜಾತ್ರೆಗೆಂದು ತಿಂಗಳು ಬಿಟ್ಟು ಬಂದವರು ‘ಹೋದ ಸಲದಷ್ಟೇ ಕೊಡಿ’ ಎಂದು ಒತ್ತಾಯಿಸಿದಾಗ ಒಪ್ಪದಿರುವುದು ನಿಷ್ಠುರತನದಿಂದಲ್ಲ. ಚರ್ಮ ಅಷ್ಟರಲ್ಲಿ ತಾಳಿಕೆಯನ್ನು ಕಳೆದುಕೊಂಡಿರುತ್ತದೆ.

ಆದ್ದರಿಂದ ತಪ್ಪದೆ ಬರಬಲ್ಲವರಿಗೆ ಆಸ್ಪತ್ರೆಯ ನ್ಯಾರೋಬ್ಯಾಂಡೇ ಎರಡೂ ರೋಗಗಳಿಗೆ ಸರಿಯಾದ ಆರಂಭ. ಬರಲಾಗದವರು ಅದನ್ನು ಆರಂಭಿಸಿ ಹತ್ತು ಸರದಿಗೆ ಬಿಡುವುದಕ್ಕಿಂತ ಮೊದಲ ದಿನವೇ ವೈದ್ಯರಿಗೆ ಹಾಗೆಂದು ಹೇಳಿ, ಮನೆಯ ಕೈಯಂತ್ರವನ್ನೋ ಪೂವಾಸೋಲನ್ನೋ ಅವರ ಕಣ್ಗಾವಲಿನಲ್ಲಿ ಆರಿಸಿಕೊಳ್ಳುವುದು ಒಳಿತು. ಹೇಳಲು ಸಂಕೋಚಪಡುವವರನ್ನು ಕಂಡು ನನಗೆ ಬೇಸರವಾಗುತ್ತದೆ, ಏಕೆಂದರೆ ದೂರವೂ ಕೂಲಿಯೂ ರೋಗದಷ್ಟೇ ವೈದ್ಯರಿಗೆ ತಿಳಿಯಬೇಕಾದ ಸಂಗತಿಗಳು.

ಯಂತ್ರವಿರುವ ಕಡೆಗೆ ಹೋದಾಗ ದೀಪಗಳ ಶಕ್ತಿಯನ್ನು ಮೀಟರಿನಲ್ಲಿ ಅಳೆದು ಎಷ್ಟು ದಿನವಾಯಿತು ಎಂದು ಕೇಳಲು ಹಿಂಜರಿಯಬೇಡಿ. ಕೊಳವೆಗಳು ಹಳೆಯದಾದಂತೆ ಸೊರಗುತ್ತವೆ, ಬೆಳಗುವುದನ್ನು ನೋಡಿ ತಿಳಿಯಲಾಗದು. ಪ್ರತಿ ಸರದಿಯ ದಿನಾಂಕ, ಮಿಲಿಜೂಲ್ ಪ್ರಮಾಣ, ಮರುದಿನ ಕೆಂಪಾಯಿತೇ, ಎಷ್ಟು ಹೊತ್ತು ಇತ್ತು ಎಂಬುದನ್ನು ನಿಮ್ಮದೇ ಪುಸ್ತಕದಲ್ಲಿ ಬರೆಸಿಕೊಳ್ಳಿ, ಮಚ್ಚೆಯ ಫೋಟೋವನ್ನು ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆದಿಡಿ. ದಾವಣಗೆರೆಯಲ್ಲಿ ಆರಂಭಿಸಿ ವರ್ಗಾವಣೆಯಾಗಿ ಚಿತ್ರದುರ್ಗಕ್ಕೆ ಹೋಗುವ ಶಿಕ್ಷಕರು ಆ ಪುಸ್ತಕವನ್ನು ಒಯ್ದರೆ ಅಲ್ಲಿನವರು ಮೊದಲಿನಿಂದ ಊಹಿಸಬೇಕಾಗಿಲ್ಲ. ಯಂತ್ರ ಬೇರೆಯಾದ್ದರಿಂದ ಸ್ವಲ್ಪ ಇಳಿಸಿ, ಮೂರ್ನಾಲ್ಕು ಸರದಿಯಲ್ಲಿ ಹಳೆಯ ಮೆಟ್ಟಿಲಿಗೆ ಮರಳಿಸುತ್ತಾರೆ.